ಹೂ ಕ್ವಿನ್ಸ್‌ಗೆ ಏನಾಗಿದೆ? ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಫ್ಲವರಿಂಗ್ ಕ್ವಿನ್ಸ್ ಅನ್ನುವ ಮುಳ್ಳುಗಿಡಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ಇಲ್ಲಿ ಹೂ ಕ್ವಿನ್ಸ್ ಅಂತಲೇ ಕರೆಯೋಣ. ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಗಿಡದಲ್ಲಿ ಒಂದು ಎಲೆಯೂ ಇರುವುದಿಲ್ಲ. ಆಗಲೇ ಬೋಳು ಕೊಂಬೆಗೆ ಅಂಟಿಸಿದ ಹಾಗೆ ಕೆಂಪು, ಕಿತ್ತಳೆ, ಗುಲಾಬಿ, ಬಿಳಿ ಹೂ ಬಿಡುತ್ತದೆ. ಗಟ್ಟಿ ಜೀವ. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿನ ಚಳಿಯನ್ನೂ ಸಲೀಸಾಗಿ ತಡೆಯುತ್ತದೆ. ಇಂಥ ಗಿಡ ಕೈಕೊಟ್ಟರೆ ರೋಗವೇ ಬಂದಿರಬೇಕು ಅಂತ ಜನ ಔಷಧಿ ಹುಡುಕಲು ಹೊರಡುತ್ತಾರೆ.

ಸ್ವಲ್ಪ ತಡೆಯಿರಿ. ಈ ಗಿಡ ಇವತ್ತು ಹೇಳುವ ದೂರು ಹೆಚ್ಚಿನ ಸಲ ಹೋದ ವರ್ಷದ್ದು. ಬರುವ ವಸಂತದ ಮೊಗ್ಗನ್ನು ಅದು ಹಿಂದಿನ ಬೇಸಿಗೆಯಲ್ಲೇ ಕಟ್ಟಿಟ್ಟುಕೊಳ್ಳುತ್ತದೆ. ಹೋದ ವರ್ಷ ಯಾವಾಗ ಕತ್ತರಿ ಹಾಕಿದೆ, ಯಾವ ಗೊಬ್ಬರ ಕೊಟ್ಟೆ, ಬಿರುಬಿಸಿಲಲ್ಲಿ ನೀರು ಮರೆತೆನಾ ಅಂತ ನೆನಪು ಮಾಡಿಕೊಳ್ಳಿ. ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ, ಕಾಸು ಖರ್ಚಿಲ್ಲದೆ.

ಗಿಡಕ್ಕೆ ಕೈ ಹಾಕುವ ಮೊದಲು

ಮುಳ್ಳು. ಕೊಂಬೆಯ ತುದಿಯಲ್ಲಷ್ಟೇ ಅಲ್ಲ, ಒಳಗಿನ ಗಿಡ್ಡ ಕವಲುಗಳ ತುದಿಯಲ್ಲೂ ಇರುತ್ತದೆ. ಎಲೆ ತುಂಬಿರುವಾಗ ಕಾಣುವುದೇ ಇಲ್ಲ. ದಪ್ಪ ಚರ್ಮದ ಗ್ಲೌಸ್, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲಿ. ಕನ್ನಡಕವನ್ನು ಮಾತ್ರ ಬಿಡಲೇಬೇಡಿ. ಬಗ್ಗಿ ಬುಡ ನೋಡುವಾಗ ಮುಖದ ಮಟ್ಟದಲ್ಲೇ ಮುಳ್ಳಿರುತ್ತದೆ.

ಚುಚ್ಚಿದರೆ ಸೋಪು ಹಾಕಿ ತೊಳೆಯಿರಿ, ತುದಿ ಮುರಿದು ಒಳಗೆ ಉಳಿದಿದೆಯಾ ನೋಡಿ. ಬೆರಳ ಗೆಣ್ಣಿನ ಹತ್ತಿರ ಚುಚ್ಚಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗುಳಿದ ಮುಳ್ಳಿನ ಚೂರು ಎಷ್ಟೋ ದಿನ, ಕೆಲವೊಮ್ಮೆ ವಾರಗಳ ನಂತರ ಗೆಣ್ಣನ್ನು ಊದಿಸಬಹುದು. ಊತ, ಬಿಸಿ, ಬೆರಳು ಮಡಚಲಾಗದ ನೋವು ಇದ್ದರೆ ಡಾಕ್ಟರ ಹತ್ತಿರ ಹೋಗಿ, ಮುಳ್ಳು ಚುಚ್ಚಿತ್ತು ಅಂತ ಮರೆಯದೆ ಹೇಳಿ. ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಅನ್ನುವುದನ್ನೂ ಲೆಕ್ಕ ಹಾಕಿ. ಕಣ್ಣಿಗೆ ತಾಗಿದ್ದರೆ ಉಜ್ಜಬೇಡಿ, ಕಾಯಬೇಡಿ, ಅವತ್ತೇ ತೋರಿಸಿ.

ಗಿಡ ಬೇರೆಯೇ ಇದೆಯೇನೋ ಅನ್ನುವ ಅನುಮಾನ

ಕ್ವಿನ್ಸ್ ಅನ್ನುವ ಹೆಸರಿನಲ್ಲಿ ಮೂರು ಬೇರೆ ಬೇರೆ ಗಿಡಗಳು ಓಡಾಡುತ್ತವೆ. ತಪ್ಪು ಗಿಡಕ್ಕೆ ಸರಿಯಾದ ಸಲಹೆ ಹಿಡಿದು ಕೂತರೆ ಪ್ರಯೋಜನವಿಲ್ಲ.

ಹಣ್ಣಿಗಾಗಿ ಬೆಳೆಯುವ ಕ್ವಿನ್ಸ್, ಅಂದರೆ ಸೈಡೋನಿಯಾ, ಒಂದು ಸಣ್ಣ ಮರ. ಮುಳ್ಳಿಲ್ಲ. ಎಲೆ ಬಂದ ಮೇಲೆ ಹೊಸ ಚಿಗುರಿನ ತುದಿಯಲ್ಲಿ ಒಂದೊಂದೇ ಹೂ. ಕಾಯಿಯ ಮೇಲೆ ನುಣ್ಣನೆ ತುಪ್ಪುಳು. ಇನ್ನೊಂದು ಚೀನೀ ಕ್ವಿನ್ಸ್. ಅದೂ ಮರವೇ, ಕಾಂಡದ ತೊಗಟೆ ತೇಪೆ ತೇಪೆಯಾಗಿ ಕಳಚುತ್ತದೆ. ನಮ್ಮ ಹೂ ಕ್ವಿನ್ಸ್, ಕೀನೊಮೆಲಿಸ್, ಬುಡದಿಂದಲೇ ಹತ್ತಾರು ಕಾಂಡ ಎಬ್ಬಿಸುವ ಪೊದೆ. ಹಳೆಯ ಕೊಂಬೆಯ ಮೇಲೆ ಗೊಂಚಲಾಗಿ ಹೂ. ಕಾಯಿ ನುಣುಪು. ಹೊಸ ಚಿಗುರನ್ನು ಹತ್ತಿರದಿಂದ ನೋಡಿದರೆ ಎಲೆಯ ಬುಡದಲ್ಲಿ ಇನ್ನೊಂದು ಪುಟ್ಟ ಎಲೆ ಕಿವಿಯ ಹಾಗೆ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಹೂವಿಲ್ಲದ ಕಾಲದಲ್ಲಿ ಗುರುತು ಹಿಡಿಯಲು ಅದೇ ಸಾಕು.

ಹೆಸರಿನ ಗೊಂದಲ ಹಳೆಯದು. 1784ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ ಜಪಾನಿನಲ್ಲಿ ಕಂಡ ಕುಳ್ಳ ಪೊದೆಯನ್ನು ಪೈರಸ್ ಜಪೋನಿಕಾ ಅಂತ ಬರೆದಿಟ್ಟ. 1796ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮೂಲಕ ಲಂಡನ್ನಿನ ಕ್ಯೂ ತೋಟಕ್ಕೆ ಬಂದದ್ದು ಚೀನಾ ಮೂಲದ ಎತ್ತರದ ಗಿಡ, ಈಗಿನ ಸ್ಪೆಸಿಯೋಸಾ. ಎರಡೂ ಒಂದೇ ಅಂದುಕೊಂಡರು. ಅವತ್ತಿನಿಂದ ತೋಟಗಾರರ ಬಾಯಲ್ಲಿ ಎಲ್ಲವೂ ‘ಜಪೋನಿಕಾ’. ಮಂಡಿಯುದ್ದ ಇರುತ್ತೆ ಅಂತ ನೆಟ್ಟ ಗಿಡ ತಲೆಗಿಂತ ಎತ್ತರ ಬೆಳೆದರೆ ಅದಕ್ಕೆ ರೋಗವಿಲ್ಲ. ಜಪೋನಿಕಾ ಸುಮಾರು 1 ಮೀಟರ್, ಸ್ಪೆಸಿಯೋಸಾ 2ರಿಂದ 3 ಮೀಟರ್, ಎರಡರ ಮಿಶ್ರತಳಿ ಸುಪರ್ಬಾ ನಡುವೆ ಎಲ್ಲೋ.

ಲಕ್ಷಣ: ಗಿಡ ಹಸಿರಾಗಿದೆ, ಹೂವೇ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಸುಲಭದ್ದರಿಂದ ಶುರು ಮಾಡೋಣ.

ಮೊದಲು ವಯಸ್ಸು. ಬೀಜದಿಂದ ಬಂದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ತೆಗೆದುಕೊಂಡರೂ ಅಚ್ಚರಿಯಿಲ್ಲ. ಹೊಸದಾಗಿ ಜಾಗ ಬದಲಿಸಿದ ಗಿಡವೂ ಒಂದು ವರ್ಷ ಸುಮ್ನಿರುತ್ತದೆ. ಬಿಟ್ಟುಬಿಡಿ.

ಎರಡನೆಯದು ಕತ್ತರಿ. ಇಲ್ಲಿ ನನ್ನದೇ ತಪ್ಪೊಪ್ಪಿಗೆ. ಒಂದು ವರ್ಷ ಎಲೆ ಉದುರುವ ಹೊತ್ತಿಗೆ ಪೊದೆ ಕೆದರಿದ ತಲೆಯ ಹಾಗೆ ಕಂಡಿತು. ಸಿಕೇಚರ್ ಹಿಡಿದು ಸುತ್ತಲೂ ಚೆಂಡಿನ ಹಾಗೆ ದುಂಡಗೆ ಮಾಡಿದೆ. ನೋಡಲು ಬಹಳ ಚೆನ್ನಾಗಿತ್ತು. ವಸಂತದಲ್ಲಿ ಹೊರಮೈಯಲ್ಲಿ ಒಂದೂ ಹೂವಿಲ್ಲ. ಕೊಂಬೆ ಸರಿಸಿ ಒಳಗೆ ನೋಡಿದರೆ, ಕತ್ತರಿ ತಲುಪದ ಹಳೆಯ ಕಾಂಡದ ಮೇಲೆ ಏಳೆಂಟು ಹೂ ಕೆಂಪಗೆ ಅಡಗಿ ಕೂತಿದ್ದವು. ಅಷ್ಟು ಸಾಕಿತ್ತು ಅರ್ಥವಾಗಲು. ಮೊಗ್ಗಿದ್ದ ಕೊಂಬೆಯನ್ನೆಲ್ಲ ನಾನೇ ಗುಡಿಸಿ ಹೊರಗೆ ಹಾಕಿದ್ದೆ.

ನಿಮ್ಮ ಗಿಡದಲ್ಲೂ ಇದೇ ಪರೀಕ್ಷೆ ಮಾಡಿ. ಒಳಗೆ ಹೂ, ಹೊರಗೆ ಬರೀ ಎಲೆ ಅಂದರೆ ತಪ್ಪು ಸವರಿದ ಸಮಯದ್ದು. ಈ ವರ್ಷ ಮಾಡುವುದೇನೂ ಇಲ್ಲ. ಮುಂದಿನ ಸಲದಿಂದ ಹೂ ಮುಗಿದ ಕೂಡಲೇ ಸವರಿ. ಆ ವರ್ಷದ ಉದ್ದ ಅಡ್ಡಚಿಗುರುಗಳನ್ನು ಬೇಸಿಗೆಯಲ್ಲಿ ಐದಾರು ಎಲೆಗೆ ಮೊಟಕು ಮಾಡಬಹುದು. ಅಲ್ಲಿ ಗಿಡ್ಡ ಕವಲು ಕಟ್ಟಿಕೊಂಡು ಹೂ ಜಾಸ್ತಿಯಾಗುತ್ತದೆ.

ಚಳಿಗಾಲದ ಕೊನೆಯಲ್ಲೇ ಉತ್ತರ ಬೇಕಿದ್ದರೆ ಮೊಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಹೂಮೊಗ್ಗು ದುಂಡಗೆ, ಉಬ್ಬಿಕೊಂಡು, ಎರಡು ಮೂರು ಒಟ್ಟಿಗೆ ಗುಂಪಾಗಿರುತ್ತದೆ. ಎಲೆಮೊಗ್ಗು ಸಣ್ಣಗೆ, ಚೂಪಾಗಿ, ಕೊಂಬೆಗೆ ಒತ್ತಿಕೊಂಡಿರುತ್ತದೆ. ದುಂಡು ಮೊಗ್ಗು ಒಂದೂ ಇಲ್ಲದಿದ್ದರೆ ಸಮಸ್ಯೆ ಹೋದ ಬೇಸಿಗೆಯದು. ದುಂಡು ಮೊಗ್ಗು ಇದ್ದೂ ಹೂ ಬರದಿದ್ದರೆ ಸಮಸ್ಯೆ ಈ ಚಳಿಗಾಲದ್ದು.

ಹೋದ ಬೇಸಿಗೆಯದು ಅನ್ನಿಸಿದರೆ ಬಿಸಿಲು ಲೆಕ್ಕ ಹಾಕಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ಗಿಡ ಬದುಕುತ್ತದೆ, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಹತ್ತು ವರ್ಷದ ಹಿಂದೆ ಬಿಸಿಲಿದ್ದ ಜಾಗ ಈಗಲೂ ಹಾಗೇ ಇದೆಯಾ? ಪಕ್ಕದ ಮರ ಬೆಳೆದದ್ದು ನಮಗೆ ಗೊತ್ತೇ ಆಗಿರುವುದಿಲ್ಲ. ನಂತರ ಗೊಬ್ಬರ. ಚಿಗುರು ಮಾರುದ್ದ ಹೋಗಿ, ಎಲೆ ಕಡುಹಸಿರಾಗಿ, ಮೆತ್ತಗೆ ಜೋಲುತ್ತಿದ್ದರೆ ಸಾರಜನಕ ಜಾಸ್ತಿಯಾಗಿದೆ. ಹುಲ್ಲುಹಾಸಿಗೆ ಹಾಕಿದ ಯೂರಿಯಾ ಹರಿದು ಇದರ ಬುಡಕ್ಕೂ ಬಂದಿರಬಹುದು. ಒಂದು ವರ್ಷ ಎಲ್ಲಾ ಗೊಬ್ಬರ ನಿಲ್ಲಿಸಿ, ಎಲೆಗೊಬ್ಬರ ಮಾತ್ರ ಹೊದಿಸಿ.

ಚಳಿಗಾಲದ್ದು ಅನ್ನಿಸಿದರೆ ಎರಡು ದಾರಿ. ಮೊಗ್ಗು ಉಬ್ಬಿದ ಮೇಲೆ ಹಿಮ ಸುರಿಯಿತಾ? ಬ್ಲೇಡಿನಿಂದ ಒಂದು ಮೊಗ್ಗನ್ನು ಉದ್ದಕ್ಕೆ ಸೀಳಿ. ಒಳಗೆ ಹಸಿರು, ಗುಲಾಬಿ ಇದ್ದರೆ ಜೀವವಿದೆ. ನಡುವೆ ಕಂದು ಕಪ್ಪು ಚುಕ್ಕೆಯಿದ್ದರೆ ಹಿಮ ಸುಟ್ಟಿದೆ. ಕೊಂಬೆ ಎಂಥ ಚಳಿ ತಡೆದರೂ ಅರಳಿದ ಹೂ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಸೋಲುತ್ತದೆ. ಬೆಳಗಿನ ಮೊದಲ ಬಿಸಿಲು ಬೀಳುವ ಗೋಡೆಯ ಬದಿಯಲ್ಲಿ ಈ ತೊಂದರೆ ಜಾಸ್ತಿ, ಹೆಪ್ಪುಗಟ್ಟಿದ ಮೊಗ್ಗು ಥಟ್ಟನೆ ಕರಗುತ್ತದೆ.

ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ. ಚಳಿಯೇ ಸಾಲದಿರುವುದು. ಈ ಗಿಡ ನಿದ್ದೆ ಮುಗಿಸಿ ಏಳಲು ಚಳಿಗಾಲದಲ್ಲಿ ವಾರಗಟ್ಟಲೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿ ಬೇಕು. ಅದು ಸಿಗದ ಕಡೆ ಎಲೆ ಗೊಂದಲದಲ್ಲಿ ಬರುತ್ತದೆ. ಒಂದು ಕೊಂಬೆ ಚಿಗುರಿರುತ್ತದೆ, ಪಕ್ಕದ್ದು ಬೋಳು. ಹೂ ಬಿಟ್ಟರೂ ತಿಂಗಳುಗಟ್ಟಲೆ ಬಿಡಿಬಿಡಿಯಾಗಿ. ಇದಕ್ಕೆ ಯಾವ ಗೊಬ್ಬರವೂ ಮದ್ದಲ್ಲ. ಉಷ್ಣವಲಯದ ಬಯಲಿನಲ್ಲಿ ಇದನ್ನು ಹಟ ಹಿಡಿದು ಬೆಳೆಸುವುದು ಗಿಡಕ್ಕೂ ಶಿಕ್ಷೆ, ನಮಗೂ ಶಿಕ್ಷೆ ಅಂತ ನನ್ನ ಅನಿಸಿಕೆ.

ಕೊನೆಗೆ ತೀರಾ ಹಳೆಯ ಪೊದೆ. ಒಳಗೆ ಕಡ್ಡಿ ತುಂಬಿ ಗಾಳಿಯೂ ಆಡದಂತಿದ್ದರೆ, ಹೂ ಮುಗಿದ ಮೇಲೆ ಅತಿ ದಪ್ಪ ಕಾಂಡಗಳಲ್ಲಿ ಮೂರರಲ್ಲಿ ಒಂದನ್ನು ನೆಲಮಟ್ಟಕ್ಕೆ ತೆಗೆಯಿರಿ. ಮೂರು ವರ್ಷದಲ್ಲಿ ಇಡೀ ಪೊದೆ ಹೊಸದಾಗುತ್ತದೆ. ಒಂದೇ ಸಲ ಎಲ್ಲ ಬೋಳಿಸಿದರೂ ಸಾಯುವುದಿಲ್ಲ. ಆದರೆ ಒಂದೆರಡು ವಸಂತ ಹೂವಿಲ್ಲದೆ ಕಾಯಬೇಕು.

ಲಕ್ಷಣ: ಹೂ ತುಂಬಾ ಬಂತು, ಕಾಯಿ ಕಟ್ಟಲಿಲ್ಲ

ತಳಿಯ ಹೆಸರು ಗೊತ್ತಾ? ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬೆಳೆಸಿದ ‘ಡಬಲ್ ಟೇಕ್’ ಸಾಲಿನ ತಳಿಗಳಿಗೆ ಮುಳ್ಳೂ ಇಲ್ಲ, ಕಾಯಿಯೂ ಇಲ್ಲ. ಅವನ್ನು ತಂದಿದ್ದರೆ ಕಾಯುವುದು ವ್ಯರ್ಥ.

ಬೇರೆ ತಳಿಯಾದರೆ ಹೂವಿನ ಬೆನ್ನು ನೋಡಿ. ಕೆಲವು ಹೂಗಳ ದಳದ ಕೆಳಗೆ ಹಸಿರು ಬಟ್ಟಲು ಕೊಬ್ಬಿದಂತೆ ಉಬ್ಬಿರುತ್ತದೆ, ಕೆಲವಕ್ಕೆ ಸಪೂರವಾಗಿರುತ್ತದೆ. ಸಪೂರದ್ದು ಗಂಡು ಹೂ, ಅದು ಉದುರಲೇಬೇಕು. ಒಂದೇ ಗಿಡದಲ್ಲಿ ಎರಡೂ ಬಗೆ ಇರುವುದು ಸಹಜ. ಉಬ್ಬಿದ ಹೂಗಳೂ ಉದುರುತ್ತಿದ್ದರೆ ಪರಾಗದ ಕೊರತೆ. ಹೂ ಕ್ವಿನ್ಸ್ ಹೆಚ್ಚಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ತಳಿಯ ಇನ್ನೊಂದು ಗಿಡ ಹತ್ತಿರ ಬೇಕು. ಅದೇ ಗಿಡದ ಮರಿಯನ್ನು ಪಕ್ಕದಲ್ಲಿ ನೆಟ್ಟರೆ ಲೆಕ್ಕಕ್ಕಿಲ್ಲ, ಎರಡೂ ಒಂದೇ ಜೀವ ತಾನೇ. ಒಂದು ವರ್ಷ ಪರೀಕ್ಷೆಗೆ, ಬೇರೆ ತಳಿಯ ಹೂಕೊಂಬೆಯೊಂದನ್ನು ತಂದು ಮೆತ್ತನೆಯ ಬ್ರಷ್‌ನಿಂದ ಹತ್ತು ಹೂವಿಗೆ ಪರಾಗ ಹಚ್ಚಿ, ಆ ಕೊಂಬೆಗೆ ದಾರ ಕಟ್ಟಿ. ಅಲ್ಲಿ ಮಾತ್ರ ಕಾಯಿ ನಿಂತರೆ ಉತ್ತರ ಸಿಕ್ಕಿತು.

ಇದು ಬೇಗ ಹೂ ಬಿಡುವ ಗಿಡ. ಅಷ್ಟು ಚಳಿಯಲ್ಲಿ ಜೇನ್ನೊಣ ಹೊರಗೆ ಬರದಿದ್ದರೂ ಕಾಯಿ ಕಟ್ಟುವುದಿಲ್ಲ. ಆ ವರ್ಷದ ನಸೀಬು ಅಷ್ಟೇ.

ಲಕ್ಷಣ: ಎಲೆ ಹಳದಿ, ಅಥವಾ ಬೇಸಿಗೆಯ ನಡುವೆಯೇ ಉದುರುತ್ತಿದೆ

ಯಾವ ಎಲೆ ಅನ್ನುವುದೇ ಇಲ್ಲಿ ಪ್ರಶ್ನೆ.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಜಾಸ್ತಿಯಾದಾಗ ಬೇರಿಗೆ ಎಟುಕುವುದಿಲ್ಲ. ಹೂ ಕ್ವಿನ್ಸ್‌ಗೆ ತುಸು ಹುಳಿ ಮಣ್ಣು ಇಷ್ಟ. ರಸಸಾರ ಅಂದರೆ ಪಿಎಚ್ 7 ದಾಟಿ ಮೇಲೆ ಹೋದಂತೆ ಈ ಹಳದಿ ಶುರುವಾಗುತ್ತದೆ. ಸಣ್ಣ ಟೆಸ್ಟ್ ಕಿಟ್‌ನಿಂದ ನೋಡಿಕೊಳ್ಳಿ. ಗೋಡೆಯ ಬುಡದಲ್ಲಿ ಸಿಮೆಂಟು ಗಾರೆ ಬಿದ್ದ ಜಾಗದಲ್ಲಿ ನೆಟ್ಟಿದ್ದೀರಾ? ಬಹುಶಃ ಅದೇ ಕಾರಣ. ತಕ್ಷಣಕ್ಕೆ ಚೀಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಎಟುಕುವ ರೂಪದಲ್ಲಿರುವ ಕಬ್ಬಿಣ, ಕೊಡಬಹುದು, ಪ್ಯಾಕೆಟ್ ಮೇಲಿನ ಪ್ರಮಾಣ ಮೀರಬೇಡಿ. ಗಂಧಕದ ಪುಡಿ ಮಣ್ಣನ್ನು ಹುಳಿ ಮಾಡುತ್ತದೆ, ಆದರೆ ತಿಂಗಳುಗಳೇ ಹಿಡಿಯುತ್ತವೆ.

ಕೆಳಗಿನ ಹಳೆಯ ಎಲೆ ಹಳದಿಯಾಗಿ, ಗಿಡ ಮಂಕಾಗಿದೆ: ಬುಡದಲ್ಲಿ ನೀರು ನಿಲ್ಲುತ್ತಿದೆಯಾ ನೋಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಮರುದಿನವೂ ಅಲ್ಲೇ ಇದ್ದರೆ ಬೇರು ಉಸಿರುಗಟ್ಟುತ್ತಿದೆ. ಗಿಡ ಬಾಡಿದೆ ಅಂತ ಇನ್ನಷ್ಟು ನೀರು ಹಾಕುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಕೊಳೆತ ಬೇರು ನೀರೆತ್ತುವುದಿಲ್ಲ, ಹಾಗಾಗಿ ಗಿಡ ಬಾಯಾರಿದ ಹಾಗೇ ಕಾಣುತ್ತದೆ. ಬುಡದ ಹತ್ತಿರ ಒಂದು ಸಣ್ಣ ಬೇರು ಕಿತ್ತು ನೋಡಿ. ಗಟ್ಟಿಯಾಗಿ, ಒಳಗೆ ಬಿಳಿ ಇದ್ದರೆ ಸರಿ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಕೊಳೆ.

ಕಂದು ಚುಕ್ಕೆ ಬಂದು, ಎಲೆ ಹಳದಿಯಾಗಿ, ಬೇಸಿಗೆ ಮುಗಿಯುವ ಮೊದಲೇ ಪೊದೆ ಅರ್ಧ ಬೋಳು: ಎಲೆಚುಕ್ಕೆ ಶಿಲೀಂಧ್ರ. ಮಳೆ ಹೆಚ್ಚಿದ ವಸಂತದ ನಂತರ ಇದು ಸಾಮಾನ್ಯ. ನೋಡಲು ಗಾಬರಿ, ಆದರೆ ಗಿಡ ಸಾಯುವುದಿಲ್ಲ. ಉದುರಿದ ಎಲೆ ಗುಡಿಸಿ ತೆಗೆಯಿರಿ, ಮೇಲಿಂದ ನೀರು ಚಿಮುಕಿಸುವುದನ್ನು ಬಿಟ್ಟು ಬುಡಕ್ಕೆ ಹಾಕಿ, ಒಳಗೆ ಗಾಳಿಯಾಡುವಂತೆ ಹಳೆ ಕಾಂಡ ತೆಗೆಯಿರಿ. ಶಿಲೀಂಧ್ರನಾಶಕ ಚುಕ್ಕೆ ಬರುವ ಮೊದಲು ಹೊಡೆದರಷ್ಟೇ ಉಪಯೋಗ. ಆದ ಚುಕ್ಕೆಯನ್ನು ಯಾವುದೂ ಅಳಿಸುವುದಿಲ್ಲ.

ಎಲೆ ಮುರುಟಿಕೊಂಡು ಅಂಟಂಟಾಗಿದ್ದು, ಇರುವೆ ಸಾಲು ಹಚ್ಚಿದ್ದರೆ ಎಲೆಯ ಅಡಿ ತಿರುಗಿಸಿ ನೋಡಿ, ಗಿಡಹೇನು. ಜೋರಾಗಿ ನೀರು ಹಾಯಿಸಿದರೆ ಅರ್ಧ ಹೋಗುತ್ತವೆ. ಉಳಿದದ್ದಕ್ಕೆ ಗಿಡಕ್ಕೆಂದೇ ಇರುವ ಸೋಪಿನ ದ್ರಾವಣ ಸಾಕು. ಹೂ ಅರಳಿರುವಾಗ ಏನನ್ನೂ ಸಿಂಪಡಿಸಬೇಡಿ, ಜೇನ್ನೊಣಗಳಿರುತ್ತವೆ.

ಲಕ್ಷಣ: ಕುಡಿ ಕಪ್ಪಾಗಿ ಸುಟ್ಟ ಹಾಗೆ ಬಾಗಿದೆ

ಇದೊಂದನ್ನು ಮಾತ್ರ ನಾಳೆ ನೋಡೋಣ ಅನ್ನಬೇಡಿ.

ಹೂ ಕಂದಾಗಿ ಒಣಗಿ ಕೊಂಬೆಗೇ ಅಂಟಿಕೊಂಡಿರುತ್ತದೆ. ಚಿಗುರಿನ ತುದಿ ಕೊಡೆಯ ಹಿಡಿಯ ಹಾಗೆ ಬಗ್ಗಿರುತ್ತದೆ. ಎಲೆ ಕಪ್ಪಾಗಿ ಸುಟ್ಟಂತಿದ್ದರೂ ಉದುರುವುದಿಲ್ಲ. ತೇವದ ದಿನಗಳಲ್ಲಿ ತೊಗಟೆಯಿಂದ ಜೇನುಬಣ್ಣದ ಹನಿ ಒಸರಬಹುದು. ಇದೆಲ್ಲ ಸೇರಿದರೆ ಫೈರ್ ಬ್ಲೈಟ್ ಅನ್ನುವ ಬ್ಯಾಕ್ಟೀರಿಯಾ ರೋಗದ ಅನುಮಾನ ಬಲವಾಗುತ್ತದೆ. ಸೇಬು, ಪೇರ್, ಕ್ವಿನ್ಸ್ ಎಲ್ಲ ಒಂದೇ ಗುಲಾಬಿ ಕುಟುಂಬದವು, ಎಲ್ಲಕ್ಕೂ ಇದು ತಗಲುತ್ತದೆ. ಹದಿನೆಂಟನೇ ಶತಮಾನದ ಕೊನೆಗೆ ನ್ಯೂಯಾರ್ಕಿನ ಹಡ್ಸನ್ ಕಣಿವೆಯ ತೋಟಗಳಲ್ಲಿ ಮೊದಲು ದಾಖಲಾಯಿತು. ಗಿಡಗಳಿಗೂ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಅಂತ ವಿಜ್ಞಾನಕ್ಕೆ ಮೊದಲು ಗೊತ್ತಾದದ್ದೂ ಇದೇ ರೋಗದಿಂದ.

ಮೊದಲು ಹಿಮದ ಸುಡುವಿಕೆಯಿಂದ ಬೇರೆ ಮಾಡಿ. ಹಿಮ ಸುಟ್ಟರೆ ಒಂದೇ ರಾತ್ರಿಯಲ್ಲಿ, ಗಿಡದ ಒಂದು ಬದಿಯ ಎಲ್ಲ ಎಳೆ ಎಲೆಗಳೂ ಒಟ್ಟಿಗೆ ಕಪ್ಪಾಗುತ್ತವೆ, ಅಲ್ಲಿಗೇ ನಿಲ್ಲುತ್ತದೆ. ಫೈರ್ ಬ್ಲೈಟ್ ಒಂದು ಕೊಂಬೆಯಲ್ಲಿ ಶುರುವಾಗಿ ದಿನದಿನಕ್ಕೆ ಕೆಳಗಿಳಿಯುತ್ತದೆ. ಕಪ್ಪು ಎಲ್ಲಿ ಮುಗಿದಿದೆಯೋ ಅಲ್ಲಿ ಒಂದು ದಾರ ಕಟ್ಟಿ. ಎರಡು ದಿನ ಬಿಟ್ಟು ನೋಡಿ. ದಾರ ದಾಟಿದ್ದರೆ ಅದು ಓಡುತ್ತಿದೆ. ಹನಿ ಒಸರುತ್ತಿದ್ದರೆ ಈ ಎರಡು ದಿನವೂ ಕಾಯಬೇಡಿ.

ಕತ್ತರಿಸುವುದೊಂದೇ ದಾರಿ. ಒಣ ದಿನ ಆರಿಸಿ, ಮಳೆಯಲ್ಲಿ ಬೇಡ. ಕಪ್ಪು ಕಾಣುವ ಜಾಗದಿಂದ ಕನಿಷ್ಠ 20ರಿಂದ 30 ಸೆಂಟಿಮೀಟರ್ ಕೆಳಗೆ, ಆರೋಗ್ಯವಾದ ಕಾಂಡದಲ್ಲಿ ಕತ್ತರಿಸಿ. ಪ್ರತಿ ಸಲ ಕತ್ತರಿಸಿದ ಮೇಲೆ ಬ್ಲೇಡನ್ನು 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಿ. ಅದಿಲ್ಲದಿದ್ದರೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಆಲ್ಕೋಹಾಲ್ ಹತ್ತಿರ ಬೆಂಕಿ ಬೇಡ. ಕತ್ತರಿಸಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಚೀಲ ಕಟ್ಟಿ ಕಸಕ್ಕೆ ಕೊಡಿ.

ಕಪ್ಪು ಬುಡದ ತನಕ ಇಳಿದಿದ್ದರೆ ಕೈಬಿಡಿ. ಗಿಡ ಕೀಳುವುದೇ ಸರಿ. ಹತ್ತಿರದಲ್ಲಿ ಸೇಬು ಅಥವಾ ಪೇರ್ ತೋಟವಿದ್ದರೆ ಕೃಷಿ ಅಥವಾ ತೋಟಗಾರಿಕೆ ಇಲಾಖೆಗೆ ಹೇಳಿ. ಕೆಲವು ದೇಶಗಳಲ್ಲಿ ಈ ರೋಗ ಕಂಡರೆ ತಿಳಿಸುವುದು ಕಾನೂನು. ಕೊಂಬೆ ಕಿತ್ತು ಕೈಯಲ್ಲಿ ಹಿಡಿದು ಹೋಗಬೇಡಿ, ಫೋಟೋ ತೋರಿಸಿ.

ಲಕ್ಷಣ: ಬುಡದಲ್ಲಿ ಗಂಟು

ಮಣ್ಣಿನ ಮಟ್ಟದಲ್ಲಿ ಒರಟಾದ, ಹೂಕೋಸಿನಂಥ ಗಂಟು ಇದ್ದರೆ ಕ್ರೌನ್ ಗಾಲ್. ಇದೂ ಬ್ಯಾಕ್ಟೀರಿಯಾ. ಮದ್ದಿಲ್ಲ. ಗಟ್ಟಿಮುಟ್ಟಾದ ಹಳೆಯ ಗಿಡ ಗಂಟಿನ ಜೊತೆಗೇ ಎಷ್ಟೋ ವರ್ಷ ಬದುಕಬಹುದು, ಎಳೆಯ ಗಿಡ ಸೊರಗುತ್ತದೆ. ಅದರಿಂದ ಕಡ್ಡಿ, ಮರಿ ಏನನ್ನೂ ತೆಗೆಯಬೇಡಿ. ಕಿತ್ತ ಜಾಗದಲ್ಲಿ ಕೆಲವು ವರ್ಷ ಗುಲಾಬಿ ಕುಟುಂಬದ ಯಾವುದನ್ನೂ ನೆಡಬೇಡಿ.

ಲಕ್ಷಣ: ಗಿಡ ಸತ್ತಿದೆಯಾ, ಮಲಗಿದೆಯಾ ಗೊತ್ತಾಗುತ್ತಿಲ್ಲ

ಉಗುರಿನಿಂದ ತೊಗಟೆ ಕೆರೆದು ನೋಡಿ. ಕೆಳಗೆ ಹಸಿರು, ತೇವ ಇದ್ದರೆ ಜೀವವಿದೆ. ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಬನ್ನಿ, ಹಸಿರು ಸಿಕ್ಕಲ್ಲಿಂದ ಮೇಲಿನದನ್ನು ತೆಗೆಯಿರಿ. ಮೇಲೆಲ್ಲ ಒಣಗಿದ್ದರೂ ಬುಡದಿಂದ ಮತ್ತೆ ಏಳುವುದು ಈ ಗಿಡದ ಸ್ವಭಾವ. ಒಂದು ಪೂರ್ತಿ ಬೇಸಿಗೆ ಕಾದು ಆಮೇಲೆ ಕೀಳಿ.

ಲಕ್ಷಣ: ಕಡ್ಡಿ ಚಿಗುರಿತು, ಆಮೇಲೆ ಸತ್ತಿತು

ಹೊಸ ಗಿಡ ಮಾಡಲು ಕತ್ತರಿಸಿ ನೆಟ್ಟ ಕಡ್ಡಿಯಲ್ಲಿ ಎಲೆ ಕಂಡ ಕೂಡಲೇ ಬೇರು ಬಂದಿದೆ ಅಂತ ಸಂಭ್ರಮಿಸಬೇಡಿ. ಕಡ್ಡಿ ತನ್ನೊಳಗಿನ ದಾಸ್ತಾನಿನಿಂದಲೇ ನಾಲ್ಕೆಲೆ ಬಿಡಬಲ್ಲದು. ದಾಸ್ತಾನು ಖಾಲಿಯಾದ ದಿನ ಬಾಡುತ್ತದೆ. ಬೇರಿದೆಯಾ ಅಂತ ವಾರಕ್ಕೊಮ್ಮೆ ಕಿತ್ತು ನೋಡುವ ಚಟ ನನಗೂ ಇತ್ತು. ಬರುತ್ತಿದ್ದ ಬೇರೂ ಅದರಲ್ಲೇ ಮುರಿಯುತ್ತದೆ. ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ಮೇಲಕ್ಕೆಳೆಯಿರಿ. ಹಿಡಿದಿಟ್ಟ ಹಾಗೆ ಅನಿಸಿದರೆ ಬೇರು ಬಂದಿದೆ. ಸಲೀಸಾಗಿ ಬಂದರೆ ವಾಪಸು ಚುಚ್ಚಿ ಸುಮ್ನಿರಿ.

ಬುಡದಿಂದ ಕಪ್ಪಾಗಿದ್ದರೆ ನೀರು ಜಾಸ್ತಿ, ಅಥವಾ ಕಡ್ಡಿ ನೆಟ್ಟ ಮಣ್ಣಿನ ಮಿಶ್ರಣ ಗಟ್ಟಿ. ತುದಿಯಿಂದ ಒಣಗಿದ್ದರೆ ಗಾಳಿಯಲ್ಲಿ ತೇವ ಸಾಲದು, ಪ್ಲಾಸ್ಟಿಕ್ ಕವರ್ ಹೊದಿಸಿ, ನೇರ ಬಿಸಿಲಿಗಿಡಬೇಡಿ. ಎರಡೂ ಅಲ್ಲದಿದ್ದರೆ ಕಡ್ಡಿ ತೆಗೆದ ಸಮಯ ತಪ್ಪಿರಬೇಕು. ಬೇಸಿಗೆಯಲ್ಲಿ, ಆ ವರ್ಷದ ಚಿಗುರು ಬುಡದಲ್ಲಿ ಗಟ್ಟಿಯಾಗಿ ತುದಿಯಲ್ಲಿ ಇನ್ನೂ ಬಾಗುವಂತಿರುವಾಗ 10ರಿಂದ 12 ಸೆಂಟಿಮೀಟರ್ ಕಡ್ಡಿ ತೆಗೆಯಿರಿ. ಬುಡದಲ್ಲಿ ಹಳೆಯ ಕೊಂಬೆಯ ಚೂರು ಹಿಮ್ಮಡಿಯ ಹಾಗೆ ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು. ಬೇರಿನ ಹಾರ್ಮೋನ್ ಪುಡಿ ಇಲ್ಲಿ ನಿಜಕ್ಕೂ ಸಹಾಯ ಮಾಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಆರೆಂಟು ವಾರ ಕಾಯಿರಿ.

ಇಷ್ಟೆಲ್ಲ ಮಾಡಿಯೂ ಸೋತರೆ ಒಂದು ಮಾತು ಹೇಳುತ್ತೇನೆ, ಕಡ್ಡಿಯ ಗೊಡವೆ ಬಿಡಿ. ಕೆಳಗಿನ ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ಅಡಿಯಲ್ಲಿ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಇಡಿ. ಒಂದು ವರ್ಷ ಮರೆತುಬಿಡಿ. ಇಲ್ಲವೇ ಬುಡದಿಂದ ಎದ್ದ ಮರಿಯನ್ನು ಚಳಿಗಾಲದಲ್ಲಿ ಬೇರಿನ ಸಮೇತ ಅಗೆದು ನೆಡಿ. ಅದಕ್ಕಿಂತ ಸುಲಭ ಇನ್ನೊಂದಿಲ್ಲ. ಒಂದೇ ಎಚ್ಚರ, ಕಸಿ ಮಾಡಿದ ಗಿಡವಾದರೆ ಬುಡದ ಮರಿ ಬೇರೆ ಗಿಡದ್ದಾಗಿರುತ್ತದೆ.

ಬೀಜ ಮೊಳೆಯದಿದ್ದರೆ ಕಾರಣ ಚಳಿ ಸಾಲದಿರುವುದು. ತಿರುಳು ತೊಳೆದ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಮೊಳೆತ ಗಿಡದ ಹೂ ತಾಯಿಯ ಹಾಗೇ ಇರುತ್ತದೆ ಅಂತ ನಂಬಬೇಡಿ.

ಲಕ್ಷಣ: ಹೂದಾನಿಯ ಕೊಂಬೆ ಅರಳುತ್ತಿಲ್ಲ

ಬಹುಶಃ ಬೇಗ ಕತ್ತರಿಸಿದ್ದೀರಿ. ಗಿಡಕ್ಕೆ ಬೇಕಾದ ಚಳಿ ಮುಗಿದು ಮೊಗ್ಗು ಉಬ್ಬಿರಬೇಕು. ಅಂಥ ಕೊಂಬೆಯನ್ನು ಓರೆಯಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿದರೆ ಎರಡು ವಾರದ ಆಸುಪಾಸಿನಲ್ಲಿ ಅರಳುತ್ತದೆ. ಹೊರಗೆ ಕಡುಕೆಂಪಾಗಿದ್ದ ಹೂ ಒಳಗೆ ಬಿಳಿಚಿಕೊಂಡರೆ ಬೆಳಕು ಸಾಲದು.

ಲಕ್ಷಣ: ಹಣ್ಣು ಮೆತ್ತಗಾಗುತ್ತಿಲ್ಲ, ಜೆಲ್ಲಿ ಗಟ್ಟಿಯಾಗುತ್ತಿಲ್ಲ

ಹಣ್ಣು ಮೆತ್ತಗಾಗುವುದೇ ಇಲ್ಲ. ಹಸಿರು ಹೋಗಿ ಹಳದಿಯಾಗಿ, ಕೋಣೆಯಲ್ಲಿಟ್ಟರೆ ಘಮ್ಮೆಂದರೆ ಅದು ಹಣ್ಣಾಗಿದೆ. ಮೆತ್ತಗಾಯಿತು ಅಂದರೆ ಕೊಳೆಯುತ್ತಿದೆ. ಹಸಿಯಾಗಿ ಕಚ್ಚಿದರೆ ಹುಳಿ, ಒಗರು, ಕಲ್ಲಿನಂಥ ಗಟ್ಟಿ. ಅದೂ ದೋಷವಲ್ಲ. ಇದು ಬೇಯಿಸುವ ಹಣ್ಣು. ಲಾಟ್ವಿಯಾದಲ್ಲಿ ಈ ಹುಳಿಗೋಸ್ಕರವೇ ಹೊಲದಲ್ಲಿ ಬೆಳೆಯುತ್ತಾರೆ.

ಕತ್ತರಿಸುವಾಗ ಚಾಕು ಜಾರುತ್ತದೆ, ಹುಷಾರು. ಹಣ್ಣನ್ನು ಮೊದಲು ಇಡಿಯಾಗಿ ಹತ್ತು ನಿಮಿಷ ಕುದಿಸಿದರೆ ಕೆಲಸ ಹಗುರ. ಬೀಜ ತೆಗೆದುಹಾಕಿ. ಅದರಲ್ಲಿ ಅಮಿಗ್ಡಲಿನ್ ಇದೆ, ಅರೆದು ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಹಣ್ಣನ್ನು ಬೀಜದ ಸಮೇತ ಮಿಕ್ಸಿಗೆ ಹಾಕಲೇಬೇಡಿ. ಹುಳಿ ಜೋರಾಗಿರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಇರಲಿ.

ಜೆಲ್ಲಿಯನ್ನು ಗಟ್ಟಿ ಮಾಡುವ ಪೆಕ್ಟಿನ್ ಅನ್ನುವ ಅಂಶ ಈ ಹಣ್ಣಿನಲ್ಲಿ ಧಾರಾಳವಾಗಿದೆ. ಆದ್ದರಿಂದ ಜೆಲ್ಲಿ ನೀರಾಗಿ ಉಳಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ: ಬೇಯಿಸಲು ನೀರು ಜಾಸ್ತಿ ಹಾಕಿದ್ದೀರಿ, ಸಿಪ್ಪೆ ತೆಗೆದುಬಿಟ್ಟಿದ್ದೀರಿ, ಅಥವಾ ಬೇಗ ಇಳಿಸಿದ್ದೀರಿ. ತಟ್ಟೆಯೊಂದನ್ನು ಫ್ರೀಜರ್‌ನಲ್ಲಿ ತಣ್ಣಗೆ ಮಾಡಿ, ಒಂದು ಚಮಚ ಪಾಕ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ಅಂಚನ್ನು ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಆಗಿದೆ. ಹರಿದು ಬಂದರೆ ಇನ್ನೂ ಕುದಿಯಲಿ. ಥರ್ಮಾಮೀಟರ್ ಇದ್ದರೆ 104ರಿಂದ 105 ಡಿಗ್ರಿ. ಕುದಿಯುವ ಸಕ್ಕರೆ ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ಒಲೆಯಿಂದ ದೂರ ಇಡಿ. ಬಾಟಲಿಗೆ ತುಂಬಿದ ಮರುದಿನವೂ ನೀರಾಗಿದ್ದರೆ ಎಲ್ಲವನ್ನೂ ಪಾತ್ರೆಗೆ ಸುರಿದು ಮತ್ತೆ ಕುದಿಸಿ. ಮತ್ತೆ ಸೋತರೆ ನೀರಿಗೆ ಬೆರೆಸಿ ಶರಬತ್ತು ಮಾಡಿಕೊಳ್ಳಿ, ರುಚಿ ಅದೇ.